ಗುಂಡಿಗೆ ಲೆಕ್ಕ ಇದೆ, ಲಾಠಿಗೆ ಇಲ್ಲ

ಕೊಡಗಿನಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟವನಿಗೆ ಕೋವಿಯ ಕಾಗದಗಳು ಬಾಯಿಪಾಠ ಆಗಿರುತ್ತವೆ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ಅದು ನಿಮಗೂ ಗೊತ್ತು. 2019ರಲ್ಲಿ ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಕಾಗದ ಬೇಡ ಅಂತಲ್ಲ. ವಿನಾಯಿತಿ ಪತ್ರಕ್ಕೆ ಅರ್ಜಿ ಹಾಕಬೇಕು. ಅದರ ಜೊತೆ ಜಮೀನಿನ ದಾಖಲೆ, ಕೋವಿಯ ನಂಬರು, ಫೋಟೋ. ಲೈಸೆನ್ಸಿನ ಕೋವಿಯಾದರೆ ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಶೀದಿ ತರಬೇಕು. ಕೋವಿಗೆ ತೋಟಾ ಕೊಂಡರೆ ಎಷ್ಟು ಕೊಂಡೆ ಅನ್ನುವುದಕ್ಕೆ ನಮೂದು. ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜೆ ಮಾಡುವ ಕೋವಿಗೂ ಒಂದು ಕಡತ ಇದ್ದೇ ಇರುತ್ತದೆ. ನಾನು ಕೊಡವನಲ್ಲ, ನಮ್ಮ ಮನೆಯಲ್ಲಿ ಕೋವಿ ಇಲ್ಲ. ಅಪ್ಪ ಪಿರಿಯಾಪಟ್ಟಣದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಆದರೂ ಈ ಕಾಗದಗಳನ್ನು ಟೈಪ್ ಮಾಡಿ ಮಾಡಿ, ಕೋವಿ ಇರುವವರಿಗಿಂತ ನನಗೇ ಜಾಸ್ತಿ ಗೊತ್ತು.

ನಮ್ಮಲ್ಲಿಗೆ ಬರುವ ಒಬ್ಬ ನಿವೃತ್ತ ಸುಬೇದಾರರು ಪ್ರತಿ ಸಲವೂ ಅದೇ ಕತೆ ಹೇಳುತ್ತಾರೆ, ನಾನು ಪ್ರತಿ ಸಲವೂ ಕೇಳುತ್ತೇನೆ. ಸೈನ್ಯದ ರೇಂಜಿನಲ್ಲಿ ಗುಂಡು ಹಾರಿಸಿದ ಮೇಲೆ ಖಾಲಿ ಕೋಶಗಳನ್ನು ಎಣಿಸಿ ವಾಪಸ್ ಒಪ್ಪಿಸಬೇಕು. ಒಂದು ಕಮ್ಮಿ ಬಂತೋ, ಇಡೀ ಪ್ಲಟೂನ್ ಮೊಣಕಾಲೂರಿ ಹುಲ್ಲು ತಡಕಬೇಕು. ಸಿಗುವ ತನಕ ಊಟ ಇಲ್ಲ. ಪೊಲೀಸರ ಗುಂಡಿಗೂ ಹೆಚ್ಚುಕಮ್ಮಿ ಇದೇ ಶಿಸ್ತು. ಬಂದೂಕು ತೆಗೆದುಕೊಳ್ಳುವಾಗ ಸಹಿ, ವಾಪಸ್ ಕೊಡುವಾಗ ಸಹಿ, ಗುಂಡಿನ ಲೆಕ್ಕ ಬೇರೆ. ಒಂದು ಹಾರಿದರೆ ಯಾಕೆ, ಯಾರ ಆದೇಶ, ಎಲ್ಲಿ ಬಿತ್ತು ಎಂದು ಬರೆದುಕೊಡಬೇಕು. ಗುಂಡಿಗೆ ಯಾರಾದರೂ ಸತ್ತರೆ ಎಫ್‌ಐಆರ್ ಆಗಬೇಕು, ಬೇರೆ ಠಾಣೆಯವರು ಅಥವಾ ಸಿಐಡಿ ತನಿಖೆ ಮಾಡಬೇಕು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಲಾಠಿಗೆ ಇದ್ಯಾವುದೂ ಇಲ್ಲ. ಗುಂಪಿನ ಮೇಲೆ ಬೀಸಿದರೆ ಮೇಲಿನವರಿಗೆ ಒಂದು ವರದಿ ಹೋಗುತ್ತದೆ, ನಿಜ. ಆ ವರದಿಯಲ್ಲಿ ಗುಂಪು ಇರುತ್ತದೆ, ಮನುಷ್ಯ ಇರುವುದಿಲ್ಲ. 2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ದಿನ ಮಡಿಕೇರಿಯಲ್ಲಿ ಕಲ್ಲು, ಲಾಠಿ, ಅಶ್ರುವಾಯು ಎಲ್ಲ ಆಯಿತು. ಜೀವಗಳೂ ಹೋದವು. ಅದರ ಬಗ್ಗೆ ಇವತ್ತಿಗೂ ಇಲ್ಲಿ ಎರಡು ಜನ ಕೂತರೆ ಮೂರು ಕತೆ ಹುಟ್ಟುತ್ತವೆ. ಆದರೆ ನನ್ನನ್ನು ಕಾಡುವುದು ದೊಡ್ಡ ಗಲಭೆಯಲ್ಲ. ಗಲಭೆಗೆ ಪತ್ರಿಕೆ ಇದೆ, ಟಿವಿ ಇದೆ, ಮೊಬೈಲ್ ವಿಡಿಯೋ ಇದೆ. ಠಾಣೆಯ ಹಿಂದಿನ ರೂಮಿನಲ್ಲಿ, ಚೆಕ್‌ಪೋಸ್ಟಿನ ಪಕ್ಕದಲ್ಲಿ, ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನ ಮೇಲೆ ಬಿದ್ದ ನಾಲ್ಕು ಏಟು ಎಲ್ಲಿ ಬರೆದಿರುತ್ತದೆ? ಅದು ನನ್ನ ಪ್ರಶ್ನೆ.

ಲೈನ್‌ಮನೆಯ ಹುಡುಗ

ಕರಿಮೆಣಸು ಕುಯ್ಲಿನ ಸಮಯ. ಕಣದಲ್ಲಿ ಒಣಗಲು ಹಾಕಿದ ಮೆಣಸು ರಾತ್ರೋರಾತ್ರಿ ಮಾಯವಾಗುವುದು ಆ ಎರಡು ಮೂರು ತಿಂಗಳಲ್ಲಿ ಸಾಮಾನ್ಯ. ಕ್ವಿಂಟಾಲಿಗೆ ಇರುವ ಬೆಲೆ ನೋಡಿದರೆ ಮಾಲೀಕರ ಹೊಟ್ಟೆ ಉರಿಯುವುದೂ ಸಹಜ. ಅಂಥ ಒಂದು ಕಳ್ಳತನವಾದ ನಂತರದ ವಾರ, ಎಸ್ಟೇಟ್ ಕೂಲಿಗಳ ಸಾಲುಮನೆಯಲ್ಲಿ, ಅಂದರೆ ಲೈನ್‌ಮನೆಯಲ್ಲಿ, ಇರುವ ಎರವ ಆದಿವಾಸಿ ಹೆಂಗಸೊಬ್ಬರು ಮಗನನ್ನು ಕರೆದುಕೊಂಡು ಅಂಗಡಿಗೆ ಬಂದರು. ಹುಡುಗನಿಗೆ ಇಪ್ಪತ್ತರ ಆಸುಪಾಸು. ಸ್ಟೂಲು ಎಳೆದುಕೊಟ್ಟೆ, ಕೂರಲಿಲ್ಲ. ಕೌಂಟರ್ ಹಿಡಿದುಕೊಂಡು, ಪಾದದ ಅಂಚಿನ ಮೇಲೆ ಭಾರ ಹಾಕಿ ನಿಂತಿದ್ದ. ಚಪ್ಪಲಿ ಅಮ್ಮನ ಕೈಯಲ್ಲಿತ್ತು. ಅಂಗಾಲಿಗೆ ಹೊಡೆದರೆ ಹಾಗೆ ನಿಲ್ಲುತ್ತಾರೆ ಎಂದು ನನಗೆ ಆಗ ಗೊತ್ತಿರಲಿಲ್ಲ.

‘ಒಂದು ಅರ್ಜಿ ಬರ್ದು ಕೊಡಿ ಸಾರ್’ ಎಂದರು ಆಕೆ. ನಾನು ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶ ತೆರೆದು, ‘ಇವರಿಗೆ, ಮಾನ್ಯ ಪೊಲೀಸ್ ವರಿಷ್ಠಾಧಿಕಾರಿಗಳು’ ಎಂದು ಶುರು ಮಾಡಿದೆ. ವಿಷಯ ಟೈಪ್ ಮಾಡಿದೆ. ಅಲ್ಲಿಗೆ ಕೈ ನಿಂತಿತು. ಯಾವ ದಿನ ಕರೆದುಕೊಂಡು ಹೋದರು? ಸಂತೆಯ ಮಾರನೇ ದಿನ. ಎಷ್ಟು ಗಂಟೆಗೆ? ಕತ್ತಲಾಗಿತ್ತು. ಕರೆದುಕೊಂಡು ಹೋಗುವಾಗ ಏನಾದರೂ ಚೀಟಿ ಕೊಟ್ಟರಾ? ಇಲ್ಲ. ಬಿಡುವಾಗ? ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದರಲ್ಲಿ ಏನಿತ್ತು? ಗೊತ್ತಿಲ್ಲ. ಹೊಡೆದವರ ಹೆಸರು? ಹುಡುಗ ಮೊದಲ ಸಲ ಬಾಯಿ ಬಿಟ್ಟ. ‘ದಪ್ಪ ಇದ್ರು. ಬಣ್ಣದ ಬಟ್ಟೆ.’ ಅಂದರೆ ಮಫ್ತಿ. ಎದೆಯ ಮೇಲೆ ಹೆಸರೂ ಇಲ್ಲ, ಭುಜದ ಮೇಲೆ ನಕ್ಷತ್ರವೂ ಇಲ್ಲ.

ಆಸ್ಪತ್ರೆ ಚೀಟಿ ಇದೆಯಾ ಎಂದು ಕೇಳಿದೆ. ಇತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರೇ ಜೀಪಿನಲ್ಲಿ ಕರೆದುಕೊಂಡು ಹೋಗಿದ್ದರಂತೆ. ಹೇಗಾಯಿತು ಎಂದು ಡಾಕ್ಟರ್ ಕೇಳಿದಾಗ ರೈಟರ್ ಪಕ್ಕದಲ್ಲೇ ನಿಂತಿದ್ದರು. ಹುಡುಗ ‘ಜಾರಿ ಬಿದ್ದೆ’ ಎಂದ. ಚೀಟಿಯಲ್ಲಿ ಅದೇ ಇತ್ತು. ಬಿದ್ದು ಆದ ನೋವು, ಮೂರು ದಿನದ ಮಾತ್ರೆ. ಧೈರ್ಯ ಮಾಡಿ ‘ಪೊಲೀಸರು ಹೊಡೆದರು’ ಎಂದಿದ್ದರೆ ಡಾಕ್ಟರ್ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ ಎಂದು, ಬರೆಯಬೇಕಾಗುತ್ತಿತ್ತು. ಎಂಎಲ್‌ಸಿ ಬರೆದರೆ ಮಾಹಿತಿ ಎಲ್ಲಿಗೆ ಹೋಗುತ್ತದೆ ಹೇಳಿ? ಆ ಪ್ರದೇಶದ ಠಾಣೆಗೆ. ಅಂದರೆ ಅದೇ ಠಾಣೆಗೆ.

ಅರ್ಜಿ ಒಂದು ಪುಟ ತುಂಬಲಿಲ್ಲ. ‘ಕೆಲವು ಪೊಲೀಸರು’ ಎಂದು ಬರೆದೆ, ‘ಸುಮಾರು ಸಂಜೆ ವೇಳೆ’ ಎಂದು ಬರೆದೆ. ಇಂಥ ಅರ್ಜಿಯನ್ನು ಮೇಲೆ ಕೂತವರು ಓದಿದರೆ ಏನನ್ನಿಸುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಹೆಸರಿಲ್ಲ, ದಿನಾಂಕ ಇಲ್ಲ, ಗಾಯದ ಪ್ರಮಾಣಪತ್ರ ಇಲ್ಲ. ಆಸ್ಪತ್ರೆ ಚೀಟಿ ಬೇರೆಯೇ ಕತೆ ಹೇಳುತ್ತಿದೆ. ಸುಳ್ಳು ಅರ್ಜಿ ಹೇಗಿರುತ್ತದೋ ಹಾಗೇ ಇತ್ತು ಆ ನಿಜವಾದ ಅರ್ಜಿ.

ಕಾನೂನು ಶುರುವಾಗುವುದಕ್ಕೆ ಮೊದಲು

ಹಾಗಂತ ಕಾನೂನು ಇಲ್ಲ ಅನ್ನುವಂತಿಲ್ಲ. ತುಂಬಾ ಇದೆ. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು ಠಾಣೆಯ ಗೋಡೆಗಳ ಮೇಲೆ ಬೋರ್ಡ್ ಆಗಿ ನೇತಾಡುತ್ತಿರುತ್ತದೆ, ನೀವೂ ನೋಡಿರುತ್ತೀರಿ. ಬಂಧಿಸುವವರ ಎದೆಯ ಮೇಲೆ ಹೆಸರು, ಹುದ್ದೆ ಕಾಣಬೇಕು. ಬಂಧನದ ಮೆಮೊ ಬರೆಯಬೇಕು, ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು. ಬಂಧಿತ ಕೇಳಿದರೆ ಮೈಮೇಲಿನ ಸಣ್ಣ ದೊಡ್ಡ ಗಾಯಗಳನ್ನೆಲ್ಲ ಆಗಲೇ ಪಟ್ಟಿ ಮಾಡಿ, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಅವನ ಕೈಗೆ ಕೊಡಬೇಕು. 48 ಗಂಟೆಗೊಮ್ಮೆ ಡಾಕ್ಟರ್ ತಪಾಸಣೆ. ಕಾಗದಗಳ ಪ್ರತಿ ಮ್ಯಾಜಿಸ್ಟ್ರೇಟರಿಗೆ. 2024ರ ಜುಲೈನಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಬಂಧಿತನ ವೈದ್ಯಕೀಯ ತಪಾಸಣೆ ಕಡ್ಡಾಯ. ತಪ್ಪಿಸಿಕೊಳ್ಳದಂತೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಕಟ್ಟುಪಾಡು ಹೇರಬಾರದು ಎಂದೂ ಅದರಲ್ಲಿದೆ. ತಪ್ಪೊಪ್ಪಿಗೆಗಾಗಿ ಹೊಡೆದರೆ ಏಳು ವರ್ಷದವರೆಗೆ ಜೈಲು. ಇದು ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲೂ ಇತ್ತು, ಈಗಿನ ನ್ಯಾಯ ಸಂಹಿತೆಯಲ್ಲೂ ಇದೆ.

ಆದರೆ ಗಮನಿಸಿ. ಇಷ್ಟರಲ್ಲಿ ಹೆಚ್ಚಿನದೆಲ್ಲ ಶುರುವಾಗುವುದು ‘ಬಂಧನ’ ಎಂದು ಬರೆದ ಮೇಲೆ. ಆ ಹುಡುಗನನ್ನು ಬಂಧಿಸಿರಲೇ ಇಲ್ಲ. ‘ವಿಚಾರಣೆಗೆ ಕರೆದಿದ್ದೇವೆ’ ಎಂದಿದ್ದರು. ಹಾಗೆ ಕರೆಯಬೇಕಾದರೂ ಲಿಖಿತ ನೋಟಿಸ್ ಕೊಡಬೇಕು. ಹೆಂಗಸರನ್ನು, 15 ವರ್ಷದ ಒಳಗಿನವರನ್ನು, 60 ದಾಟಿದವರನ್ನು ಸಾಕ್ಷಿ ಹೇಳಲು ಠಾಣೆಗೆ ಕರೆಸುವಂತೆಯೇ ಇಲ್ಲ, ಅವರಿದ್ದಲ್ಲಿಗೇ ಹೋಗಿ ಕೇಳಬೇಕು. ಇವರ ವಿಷಯದಲ್ಲಿ ತಾಯಿಯನ್ನೂ ಒಂದು ಹೊತ್ತು ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಎಲ್ಲ ಬಾಯಿಮಾತಿನಲ್ಲಿ. ಬಂಧನ ಇಲ್ಲ, ಆದ್ದರಿಂದ ಮೆಮೊ ಇಲ್ಲ. ಮೆಮೊ ಇಲ್ಲ, ಆದ್ದರಿಂದ ತಪಾಸಣೆ ಇಲ್ಲ. ಕೋರ್ಟಿಗೆ ಹೋಗಲಿಲ್ಲ, ಆದ್ದರಿಂದ ‘ನಿನಗೆ ಯಾರಾದರೂ ಹೊಡೆದರಾ’ ಎಂದು ಕೇಳುವ ಮ್ಯಾಜಿಸ್ಟ್ರೇಟರೂ ಇಲ್ಲ. ನಮ್ಮ ಕಾವಲುಗಳೆಲ್ಲ ನಿಂತಿರುವುದು ಮುಂಬಾಗಿಲಿನಲ್ಲಿ, ಹುಡುಗನನ್ನು ಒಳಗೆ ತಂದದ್ದು ಹಿತ್ತಲಿನಿಂದ.

ಕಾಗದ ತಾನಾಗಿ ಹುಟ್ಟುವುದು ಸತ್ತರೆ ಮಾತ್ರ. ಕಸ್ಟಡಿಯಲ್ಲಿ ಸತ್ತರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು, ನ್ಯಾಯಾಂಗ ಮ್ಯಾಜಿಸ್ಟ್ರೇಟರ ವಿಚಾರಣೆ ಆಗಬೇಕು. 2021ರ ಜೂನ್‌ನಲ್ಲಿ, ಲಾಕ್‌ಡೌನ್ ಸಮಯದಲ್ಲಿ, ವಿರಾಜಪೇಟೆಯ ಮಾನಸಿಕ ಅಸ್ವಸ್ಥರೊಬ್ಬರು ಪೊಲೀಸರ ಹೊಡೆತದಿಂದ ತೀರಿಕೊಂಡರು ಎಂಬ ಆರೋಪ ಬಂದಾಗ ಹಾಗೇ ಆಯಿತು. ಪೊಲೀಸರ ಅಮಾನತಾಯಿತು, ತನಿಖೆ ಸಿಐಡಿಗೆ ಹೋಯಿತು, ಇಡೀ ಜಿಲ್ಲೆ ಮಾತಾಡಿತು. ಬದುಕಿ ಮನೆಗೆ ಬಂದಿದ್ದರೆ? ‘ಯಾರೋ ರಾತ್ರಿ ಓಡಾಡ್ತಿದ್ದ, ನಾಲ್ಕು ಬಿಟ್ಟು ಕಳಿಸಿದ್ರು’ ಎಂದು ಒಂದು ವಾಕ್ಯದಲ್ಲಿ ಮುಗಿದುಹೋಗುತ್ತಿತ್ತು.

ಇದರ ಇನ್ನೊಂದು ಬದಿಯನ್ನೂ ನಾವು ಈಚೆಗೆ ನೋಡಿದೆವು. ಕುಶಾಲನಗರ ಕಡೆಯ ಆದಿವಾಸಿಯೊಬ್ಬ ಹೆಂಡತಿಯನ್ನು ಕೊಂದ ಎಂದು ಪಕ್ಕದ ಮೈಸೂರು ಜಿಲ್ಲೆಯ ಪೊಲೀಸರು ಜೈಲಿಗೆ ಹಾಕಿದ್ದರು. ಸಿಕ್ಕಿದ್ದ ಅಸ್ಥಿಪಂಜರದ ಡಿಎನ್‌ಎ ಹೊಂದಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಕಂಡರು, ಜೀವಂತವಾಗಿ. ಕೋರ್ಟ್ ಅವನನ್ನು ಬಿಡುಗಡೆ ಮಾಡಿ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಒಂದೂವರೆ ವರ್ಷಕ್ಕೂ ಜಾಸ್ತಿ ಒಳಗಿದ್ದ ಮನುಷ್ಯ. ಠಾಣೆಯೊಳಗೆ ಮೊದಲ ಕೆಲವು ಗಂಟೆ ಏನು ನಡೆಯಿತು ಎಂಬುದಕ್ಕೆ ಹೊರಗಿನ ಸಾಕ್ಷಿ ಇಲ್ಲದಿದ್ದರೆ, ಆಮೇಲೆ ಬರುವ ಕಾಗದವೆಲ್ಲ ಪೊಲೀಸರು ಹೇಳಿದ ಹಾಗೆಯೇ ಇರುತ್ತದೆ ಅಲ್ವಾ?

ಕಲ್ಲೇಟು ತಿಂದ ಕಾನ್‌ಸ್ಟೇಬಲ್

ಲೈನ್‌ಮನೆಯ ಹುಡುಗ ಬಂದ ವರ್ಷವೇ ಮಳೆಗಾಲದಲ್ಲಿ, ಬೇರೆ ಠಾಣೆಯ ಒಬ್ಬ ಕಾನ್‌ಸ್ಟೇಬಲ್ ಒಂದು ಕಡತ ಹಿಡಿದುಕೊಂಡು ಬಂದರು. ಎಡಗೈಗೆ ಬ್ಯಾಂಡೇಜ್. ಮೆರವಣಿಗೆಯ ಬಂದೋಬಸ್ತಿನಲ್ಲಿ ಕಲ್ಲು ಬಿದ್ದಿತ್ತಂತೆ. ಎಲ್ಲದರ ಮೂರು ಮೂರು ಪ್ರತಿ ಬೇಕಿತ್ತು. ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಹಾಗಾಗಿ ಅವರು ತುಂಬಾ ಹೊತ್ತು ಕೂರಬೇಕಾಯಿತು. ನಾನು ಪ್ರತಿ ತೆಗೆಯುತ್ತಾ ಹಾಳೆಗಳನ್ನು ನೋಡುತ್ತಿದ್ದೆ. ಅವರು ಕೊಟ್ಟ ದೂರು, ಸಮಯ ನಿಮಿಷದ ಸಮೇತ. ಸರ್ಕಾರಿ ನೌಕರನ ಮೇಲೆ ಹಲ್ಲೆ ಎಂದು ದಾಖಲಾದ ಎಫ್‌ಐಆರ್. ವೂಂಡ್ ಸರ್ಟಿಫಿಕೇಟ್, ಗಾಯದ ಉದ್ದ ಅಗಲ ಸೆಂಟಿಮೀಟರಿನಲ್ಲಿ. ಬ್ಯಾಂಡೇಜ್ ಹಾಕುವ ಮೊದಲಿನ ಫೋಟೋ, ಆಮೇಲಿನ ಫೋಟೋ. ಪಂಚನಾಮೆ. ಇಬ್ಬರು ಸಾಕ್ಷಿಗಳ ಹೇಳಿಕೆ. ಕಲ್ಲಿನದೂ ಫೋಟೋ ಇತ್ತು, ಪಕ್ಕದಲ್ಲಿ ಸ್ಕೇಲ್ ಇಟ್ಟು.

ಅಚ್ಚುಕಟ್ಟಾದ ಕೆಲಸ. ನನಗೆ ಸಂತೋಷವೇ ಆಯಿತು. ಒಬ್ಬ ಮನುಷ್ಯನಿಗೆ ಪೆಟ್ಟಾದರೆ ಹೀಗೇ ಬರೆಯಬೇಕು. ಇದೇ ಇಲಾಖೆಗೆ ಗಾಯವನ್ನು ಬರೆದಿಡುವುದು ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಪೊಲೀಸರಿಗೆ ಆದ ಗಾಯಕ್ಕೆ ಇಷ್ಟು ದಪ್ಪ ಕಡತ ಬರುತ್ತದೆ, ಪೊಲೀಸರಿಂದ ಆದ ಗಾಯಕ್ಕೆ ಒಂದು ಹಾಳೆ ಇಲ್ಲ.

ಅವರು ಒಳ್ಳೆಯ ಮನುಷ್ಯ, ಮಾತಿಗೂ ಸಿಗುವವರು. ಹಾಗಾಗಿ ಕೇಳಿಯೇಬಿಟ್ಟೆ. ಲಾಠಿ ಬೀಸಿದ ದಿನ ನೀವೂ ಒಂದು ಹಾಳೆ ಬರೆದಿಟ್ಟರೆ ಏನಾಗುತ್ತದೆ? ಯಾರಿಗೆ, ಎಲ್ಲಿ, ಯಾಕೆ, ಎಷ್ಟು ಅಂತ. ಅವರು ನಕ್ಕರು. ‘ನನ್ನ ಮೇಲೆ ನಾನೇ ಸಾಕ್ಷಿ ಕೊಟ್ಟಂಗೆ ಆಗುತ್ತೆ ಅಲ್ವಾ ಸಾರ್?’ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದರು. ಅದು ಇವತ್ತಿಗೂ ತಲೆಯಲ್ಲಿದೆ. ‘ಹೇಳೋರು ಬಾಯಲ್ಲಿ ಹೇಳ್ತಾರೆ. ಸ್ವಲ್ಪ ವಿಚಾರಿಸ್ಕೊಳಿ ಅಂತಾರೆ. ಕಾಗದದಲ್ಲಿ ಸಿಕ್ಕಿಹಾಕಿಕೊಳ್ಳೋದು ನಾನು.’

ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಹಬ್ಬ ಹರಿದಿನ ಅಂತಿಲ್ಲದೆ ಡ್ಯೂಟಿ. ಮಡಿಕೇರಿ ದಸರೆಯ ರಾತ್ರಿ ದಶಮಂಟಪಗಳ ಮುಂದೆ ಜನ ಕುಣಿಯುವಾಗ ಬೆಳಗಿನ ತನಕ ಹಗ್ಗ ಹಿಡಿದು ನಿಲ್ಲುವವರು ಇವರೇ. ಕಳ್ಳ ಸಿಗಲಿಲ್ಲ ಎಂದರೆ ಮೇಲಿನಿಂದ ಬೈಗುಳ, ಸಿಕ್ಕಿದವನಿಗೆ ಹೊಡೆದ ವಿಡಿಯೋ ಹೊರಬಂದರೆ ಅಮಾನತು. ಅಮಾನತಾಗುವುದೂ ಸಾಮಾನ್ಯವಾಗಿ ಕೈ ಎತ್ತಿದವರು, ಕೈ ಎತ್ತಿಸಿದವರಲ್ಲ. ಆದರೆ ಅವರ ಮಾತಿನಿಂದ ನಾನು ತೆಗೆದುಕೊಂಡದ್ದು ಅವರು ಹೇಳಿದ್ದಕ್ಕೆ ಉಲ್ಟಾ. ಬರೆಯುವ ಹಾಳೆಯಲ್ಲಿ ‘ಯಾರು ಹೇಳಿದರು’ ಎಂಬ ಕಾಲಂ ಇದ್ದರೆ, ಮೊದಲು ಉಳಿಯುವುದು ಕಾನ್‌ಸ್ಟೇಬಲ್ಲೇ.

‘ನಾಲ್ಕು ಬಾರಿಸಿ ಕಳಿಸಿ ಸಾರ್’

ಈ ಮಾತು ನಮ್ಮದು, ಪೊಲೀಸರದ್ದಲ್ಲ. ಠಾಣೆಗೆ ಹೋದ ಯಾರನ್ನಾದರೂ ಕೇಳಿ. ಕೇಸ್ ಮಾಡಬೇಡಿ ಸಾರ್, ಕೋರ್ಟ್ ಕಚೇರಿ ಯಾರು ಅಲೆಯುತ್ತಾರೆ, ಸುಮ್ನೆ ಕರೆಸಿ ನಾಲ್ಕು ಬಾರಿಸಿ ಕಳಿಸಿ. ಕುಡಿದು ಗಲಾಟೆ ಮಾಡುವ ಗಂಡನ ಬಗ್ಗೆ ಹೆಂಡತಿ ಹೀಗೆ ಕೇಳುತ್ತಾರೆ, ಸಾಲ ತೀರಿಸದವನ ಬಗ್ಗೆ ಸಾಲ ಕೊಟ್ಟವರು ಕೇಳುತ್ತಾರೆ, ಮೆಣಸು ಕಳೆದುಕೊಂಡ ಎಸ್ಟೇಟಿನವರು ಕೇಳುತ್ತಾರೆ. ಎಫ್‌ಐಆರ್ ಆದರೆ ಮೆಣಸೂ ಠಾಣೆಯಲ್ಲಿ ಸಾಕ್ಷಿಯಾಗಿ ಕೂರುತ್ತದೆ, ಕುಯ್ಲಿನ ಸಮಯದಲ್ಲಿ ಕೆಲಸದವರೂ ಕೋರ್ಟಿಗೆ ಅಲೆಯಬೇಕು. ಒಂದು ಫೋನು, ಒಂದು ರಾತ್ರಿ, ವಿಷಯ ಮುಗಿಯಿತು. ಲೆಕ್ಕಾಚಾರ ಹಾಗಿದೆ.

ಯಾರ ಬಗ್ಗೆ ಹೀಗೆ ಕೇಳುತ್ತೇವೆ ಎನ್ನುವುದನ್ನೂ ನೋಡಬೇಕು. ತೋಟದ ಮಾಲೀಕರ ಮಗನ ಕಾರು ಯಾರಿಗೋ ಗುದ್ದಿದರೆ ‘ನಾಲ್ಕು ಬಾರಿಸಿ’ ಎಂದು ಯಾರೂ ಹೇಳುವುದಿಲ್ಲ. ಆಗ ವಕೀಲರು ಬರುತ್ತಾರೆ, ಕಾಫಿ ಬರುತ್ತದೆ, ಕುರ್ಚಿ ಬರುತ್ತದೆ. ಲೈನ್‌ಮನೆಯ ಎರವರು, ಹಾಡಿಯ ಜೇನು ಕುರುಬರು, ಈಗ ಅಸ್ಸಾಂ ಕಡೆಯಿಂದ ಬಂದ ಕೂಲಿಗಳು. ಲಾಠಿಯ ದಾರಿ ಅವರ ಕಡೆಗೇ ಇಳಿಯುತ್ತದೆ. ಅಸ್ಸಾಮಿನವರಿಗಂತೂ ಭಾಷೆಯೂ ಇಲ್ಲ, ಸಂತೆಯ ಲೆಕ್ಕದಲ್ಲಿ ದಿನ ಹೇಳುವ ಅಮ್ಮನೂ ಇಲ್ಲ. ನನ್ನ ಅಂಗಡಿಗೆ ಅವರು ಬರುವುದು ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಮಾತ್ರ. ಆ ಪ್ರತಿ ಹೋಗುವುದು ಕೂಲಿಗಳ ಮಾಹಿತಿಯಾಗಿ ಠಾಣೆಗೆ.

ಕೆಲವರು ವಾದ ಮಾಡುತ್ತಾರೆ, ಹೊಡೆಯದಿದ್ದರೆ ಕಳ್ಳತನ ನಿಲ್ಲುವುದಿಲ್ಲ ಎಂದು. ಆ ಹುಡುಗನ ಪ್ರಕರಣದಲ್ಲಿ ಮೆಣಸು ಸಿಗಲಿಲ್ಲ. ಮುಂದಿನ ವರ್ಷವೂ ಅದೇ ಊರಿನಲ್ಲಿ ಕಣದಿಂದ ಮೆಣಸು ಹೋಯಿತು. ಅದಕ್ಕಿಂತ ಜಾಸ್ತಿ ಇದರ ಬಗ್ಗೆ ಹೇಳಲು ನನಗೇನೂ ಇಲ್ಲ.

ಬರೆದಿಡುವ ಊರುಗಳು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2017ರ ಏಪ್ರಿಲ್‌ನಿಂದ ಒಂದು ನಿಯಮ ಇದೆ. ಪೊಲೀಸರು ಯಾರ ಮೇಲೆ ಬಲ ಬಳಸಿದರೂ ಫಾರ್ಮ್ ತುಂಬಬೇಕು. ಗುಂಡು ಹೊಡೆದರೆ ಮಾತ್ರ ಅಲ್ಲ. ಸುಮ್ಮನೆ ನಿಂತವನಿಗೆ ಕೈಕೋಳ ಹಾಕಿದರೂ ಸರಿ. ಯಾಕೆ ಬೇಕಾಯಿತು, ಎದುರಿನವನ ವಯಸ್ಸು, ಲಿಂಗ, ಯಾವ ಜನಾಂಗದವನ ಹಾಗೆ ಕಂಡ, ಯಾವ ಉಪಾಯ ಬಳಸಿದಿರಿ, ಯಾರಿಗೆ ಗಾಯವಾಯಿತು, ಕೊನೆಗೆ ಬಂಧಿಸಿದಿರೋ ಬಿಟ್ಟಿರೋ. ಯಾರೂ ದೂರು ಕೊಡದಿದ್ದರೂ ತುಂಬಬೇಕು, ಮುಖ್ಯ ಅದು. ಆ ಲೆಕ್ಕ ವರ್ಷಕ್ಕೊಮ್ಮೆ ಪ್ರಕಟವಾಗುತ್ತದೆ. ಕರಿಯರ ಮೇಲೆ ಬಲಪ್ರಯೋಗ ಅವರ ಜನಸಂಖ್ಯೆಗೆ ಹೋಲಿಸಿದರೆ ಜಾಸ್ತಿ ಎನ್ನುವುದು ಅಲ್ಲಿ ಪೊಲೀಸರೇ ತುಂಬಿದ ಫಾರ್ಮುಗಳಿಂದ ಗೊತ್ತಾಗುತ್ತದೆ. ಅಮೆರಿಕದಲ್ಲಿ ಎಫ್‌ಬಿಐ 2019ರಿಂದ ದೇಶದ ಲೆಕ್ಕ ಇಡಲು ಹೊರಟಿತು. ಆದರೆ ಅಲ್ಲಿ ಸಾವು, ಗಂಭೀರ ಗಾಯ, ಗುಂಡು ಹಾರಿಸಿದ್ದು ಇಷ್ಟೇ. ಮಾಹಿತಿ ಕೊಡುವುದೂ ಇಲಾಖೆಗಳ ಇಷ್ಟ. ವಿಶ್ವಸಂಸ್ಥೆ 1990ರಲ್ಲೇ ಹೇಳಿತ್ತು, ಬಲಪ್ರಯೋಗದಿಂದ ಗಾಯವೋ ಸಾವೋ ಆದರೆ ಕೂಡಲೇ ಮೇಲಧಿಕಾರಿಗೆ ವರದಿ ಹೋಗಬೇಕು ಎಂದು. ನಾವು ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದೆವು. ಅದನ್ನು ಅನುಮೋದಿಸುವುದು ಇನ್ನೂ ಬಾಕಿ.

ನಮ್ಮಲ್ಲಿ ಫಾರ್ಮ್ ತಂದರೆ ಏನಾಗುತ್ತದೆ ಎಂದು ಡಿಟಿಪಿಯವನಾದ ನನಗೆ ಚೆನ್ನಾಗಿ ಗೊತ್ತು. ವಾರದೊಳಗೆ ಒಂದು ಮಾದರಿ ತಯಾರಾಗುತ್ತದೆ. ‘ಸದರಿ ವ್ಯಕ್ತಿಯು ಪರಾರಿಯಾಗಲು ಯತ್ನಿಸಿದಾಗ ಕನಿಷ್ಠ ಬಲ ಪ್ರಯೋಗಿಸಿ ಹಿಡಿಯಲಾಯಿತು.’ ಹೆಸರು ಮಾತ್ರ ಬದಲಿಸುವುದು. ಪಂಚನಾಮೆಗಳು ಹಾಗೇ ಇವೆ, ಕ್ರಯಪತ್ರಗಳು ಹಾಗೇ ಇವೆ. ಆದರೂ ನನ್ನ ಪ್ರಕಾರ ಫಾರ್ಮ್ ಬೇಕು. ಯಾಕೆಂದರೆ ವಾಕ್ಯ ಸುಳ್ಳಾದರೂ ಹೆಸರು, ದಿನ, ಗಂಟೆ ನಿಜವಿರುತ್ತದೆ. ಒಂದೇ ಠಾಣೆಯಲ್ಲಿ ಒಂದೇ ತಿಂಗಳಲ್ಲಿ ಎಷ್ಟು ಜನ ‘ಪರಾರಿಯಾಗಲು ಯತ್ನಿಸಿದರು’ ಎಂದು ಎಣಿಸಬಹುದು. ಒಬ್ಬರೇ ಅಧಿಕಾರಿಯ ಕೈಯಿಂದ ಎಷ್ಟು ಜನ ಜಾರಿ ಬಿದ್ದರು ಎಂದು ನೋಡಬಹುದು. ಫಾರ್ಮ್ ತುಂಬದೆ ಹೊಡೆದದ್ದು ಹೊರಗೆ ಬಂದರೆ, ತುಂಬದಿದ್ದದ್ದೇ ಒಂದು ತಪ್ಪಾಗುತ್ತದೆ. ಹೊಡೆದದ್ದನ್ನು ಸಾಬೀತು ಮಾಡುವುದಕ್ಕಿಂತ ಅದು ಎಷ್ಟೋ ಸುಲಭ.

ಕ್ಯಾಮೆರಾ ಇದೆಯಲ್ಲ ಎನ್ನುತ್ತೀರಿ. 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು ಎಂದಿತು. ಬಾಗಿಲು, ಲಾಕಪ್, ಕಾರಿಡಾರ್, ಅಧಿಕಾರಿಗಳ ರೂಮು ಎಲ್ಲ ಕಾಣಬೇಕು, ಧ್ವನಿಯೂ ದಾಖಲಾಗಬೇಕು. 18 ತಿಂಗಳು ಉಳಿಸಿಡಬೇಕು, ಆಗದಿದ್ದರೆ ಕಡೇಪಕ್ಷ ಒಂದು ವರ್ಷ. ಕ್ಯಾಮೆರಾ ಕೆಲಸ ಮಾಡುವಂತೆ ನೋಡಿಕೊಳ್ಳುವುದು ಠಾಣಾಧಿಕಾರಿಯ ಹೊಣೆ. ಒಳ್ಳೆಯದೇ. ಆದರೆ ಅದೇ ವರ್ಷ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂ ಠಾಣೆಯಲ್ಲಿ ಏನಾಯಿತು ನೆನಪಿದೆಯಾ? ಲಾಕ್‌ಡೌನ್‌ನಲ್ಲಿ ಮೊಬೈಲ್ ಅಂಗಡಿ ತೆರೆದಿಟ್ಟರು ಎಂದು ಹಿಡಿದ ತಂದೆ ಮಗ ಇಬ್ಬರೂ ಸತ್ತರು. ಮ್ಯಾಜಿಸ್ಟ್ರೇಟರು ಠಾಣೆಗೆ ಹೋಗಿ ನೋಡಿದರೆ ಕ್ಯಾಮೆರಾ ಇತ್ತು, ಹಾರ್ಡ್‌ಡಿಸ್ಕಿನಲ್ಲಿ ಬೇಕಾದಷ್ಟು ಜಾಗವೂ ಇತ್ತು. ದಿನದಿನದ ದೃಶ್ಯ ಅಂದಂದೇ ಅಳಿಸಿಹೋಗುವಂತೆ ಸೆಟ್ ಮಾಡಿದ್ದರು. ಕೊನೆಗೆ ಸತ್ಯ ಹೊರಬಂದದ್ದು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಹೆದರುತ್ತಲೇ ಬಾಯಿ ಬಿಟ್ಟಿದ್ದರಿಂದ.

ಮೇಲೆ ಹೋದ ಅರ್ಜಿ

ಹುಡುಗನ ಅರ್ಜಿ ಏನಾಯಿತು ಅಂದಿರಾ? ಜಿಲ್ಲಾ ಕಚೇರಿಗೆ ಹೋಯಿತು, ಅಲ್ಲಿಂದ ಉಪವಿಭಾಗಕ್ಕೆ, ಅಲ್ಲಿಂದ ‘ಪರಿಶೀಲಿಸಿ ವರದಿ ನೀಡಿ’ ಎಂಬ ಸೀಲಿನೊಂದಿಗೆ ಅದೇ ಠಾಣೆಗೆ. ಹೇಳಿಕೆ ಕೊಡಲು ಬನ್ನಿ ಎಂದು ಹೊಡೆಸಿಕೊಂಡ ಜಾಗದಿಂದಲೇ ಕರೆ ಬಂತು. ಅಮ್ಮ ಮಗ ಹೋಗಲಿಲ್ಲ. ಅರ್ಜಿದಾರರು ಹಾಜರಾಗದ ಕಾರಣ ಮುಕ್ತಾಯಗೊಳಿಸಲಾಗಿದೆ ಎಂಬ ಹಿಂಬರಹ ನನ್ನ ಅಂಗಡಿಯ ವಿಳಾಸಕ್ಕೇ ಬಂತು, ಅವರಿಗೆ ಬೇರೆ ವಿಳಾಸ ಇರಲಿಲ್ಲವಲ್ಲ. ಅಷ್ಟರಲ್ಲಿ ಅವರು ವಯನಾಡಿನ ಕಡೆ ಕೆಲಸಕ್ಕೆ ಹೋಗಿದ್ದರು.

ಹೀಗಾಗಬಾರದು ಎಂದೇ 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಅದಕ್ಕೆ ಜಾಗ ಮಾಡಿತು. ನನ್ನ ಅಂಗಡಿಗೆ ಬರುವವರಲ್ಲಿ ಅದರ ಹೆಸರು ಕೇಳಿದವರು ವಕೀಲರು ಮಾತ್ರ. ನೇರವಾಗಿ ಕೋರ್ಟಿಗೆ ಹೋಗೋಣ ಎಂದರೆ ಅದೇ ಕಾಯ್ದೆಯ 170ನೇ ಕಲಂ ಅಡ್ಡ ನಿಲ್ಲುತ್ತದೆ. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೆಲಸಕ್ಕೆ ಸರ್ಕಾರದ ಅನುಮತಿ ಇಲ್ಲದೆ ಮೊಕದ್ದಮೆ ಇಲ್ಲ. ಕರ್ತವ್ಯದ ಎಲ್ಲೆ ಸ್ವಲ್ಪ ಮೀರಿದರೂ, ಕರ್ತವ್ಯಕ್ಕೆ ಸಂಬಂಧ ಇದ್ದರೆ ಈ ರಕ್ಷಣೆ ಇರುತ್ತದೆ ಎಂದು 2020ರಲ್ಲಿ ನಮ್ಮದೇ ರಾಜ್ಯದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೊಲೀಸರಿಗೆ ರಕ್ಷಣೆ ಬೇಡ ಎನ್ನುವವನಲ್ಲ ನಾನು. ಕಡತ ಹಿಡಿದು ಬಂದ ಕಾನ್‌ಸ್ಟೇಬಲ್ ಮೇಲೆ ನಾಳೆ ಯಾರೋ ಪುಢಾರಿ ಸುಳ್ಳು ಕೇಸ್ ಹಾಕಿದರೆ ಅವರಿಗೆ ಈ ಕಲಂ ಬೇಕು. ಆದರೆ ರಕ್ಷಣೆ ಕೇಳುವವರು ಅವತ್ತೇ ಏನು ಮಾಡಿದೆ, ಯಾಕೆ ಮಾಡಿದೆ ಎಂದು ಬರೆದಿಟ್ಟಿರಬೇಕು. ಬರೆದಿಡದ ಬಲಪ್ರಯೋಗ ಕರ್ತವ್ಯ ಹೇಗಾಗುತ್ತದೆ?

ಈಗ ಇಂಥ ಅರ್ಜಿ ಬರೆಸಲು ಯಾರಾದರೂ ಬಂದರೆ ಮೊದಲು ಆಸ್ಪತ್ರೆಗೆ ಕಳಿಸುತ್ತೇನೆ, ಎಸ್ಟೇಟಿನವರ ಜೊತೆ ಬೇಡ ಎಂದು ಹೇಳಿ. ಅರ್ಜಿಯಲ್ಲಿ ಠಾಣೆಯ ಕ್ಯಾಮೆರಾ ದೃಶ್ಯ ಉಳಿಸಿಡಬೇಕೆಂದು ಸೈನಿ ತೀರ್ಪಿನ ಹೆಸರು ಹಾಕಿ ಕೇಳುತ್ತೇನೆ. ಒಂದು ಪ್ರತಿ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ, ಸ್ಪೀಡ್ ಪೋಸ್ಟಿನಲ್ಲಿ.

ಗಿರಾಕಿ ಇಲ್ಲದ ಒಂದು ಮಧ್ಯಾಹ್ನ, ಕೈ ಸುಮ್ಮನಿರದೆ, ಬಲಪ್ರಯೋಗದ ಫಾರ್ಮ್ ಒಂದನ್ನು ನಾನೇ ಮಾಡಿದ್ದೇನೆ. ಎ4 ಹಾಳೆ, ಒಂದೇ ಪುಟ. ಯಾರು, ಯಾರಿಗೆ, ಎಲ್ಲಿ, ಎಷ್ಟು ಗಂಟೆಗೆ, ಯಾಕೆ, ಯಾವುದರಿಂದ, ದೇಹದ ಯಾವ ಭಾಗಕ್ಕೆ, ಯಾರ ಮಾತಿನ ಮೇಲೆ. ವಕೀಲ ಸ್ನೇಹಿತರೊಬ್ಬರಿಗೆ ತೋರಿಸಿದೆ. ಕಾಲಂಗಳೆಲ್ಲ ಸರಿ, ಆದರೆ ಠಾಣೆಯಲ್ಲೇ ಉಳಿಯುವ ಫಾರ್ಮಿನಿಂದ ಪ್ರಯೋಜನ ಇಲ್ಲ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಒಂದು ಪ್ರತಿ ಹೋಗಬೇಕು ಎಂದರು. ಏಟು ತಿಂದವನಿಗೂ ಒಂದು ಪ್ರತಿ ಎಂದು ನಾನು ಸೇರಿಸಿದೆ. ಆಮೇಲೆ ಆ ಕಾನ್‌ಸ್ಟೇಬಲ್ ಯಾವುದೋ ಕೆಲಸಕ್ಕೆ ಬಂದಾಗ ಅವರ ಮುಂದೂ ಇಟ್ಟೆ. ನಿಧಾನವಾಗಿ ಓದಿದರು. ಕೋರ್ಟಿನ ಪ್ರತಿಗೆ ತಕರಾರು ಇಲ್ಲ ಎಂದರು. ‘ಯಾರ ಮಾತಿನ ಮೇಲೆ’ ಎಂಬ ಕಾಲಂ ಅನ್ನು ಇನ್ನೂ ದೊಡ್ಡದು ಮಾಡಿ ಎಂದರು. ಏಟು ತಿಂದವನ ಪ್ರತಿಯನ್ನು ಮಾತ್ರ ತೆಗೆಯಲೇಬೇಕಂತೆ. ನಾನು ತೆಗೆದಿಲ್ಲ.